ಪಂಪ್ ಸ್ಟಾರ್ಟರ್ ಒಳಗೆ ಇರುವೆ ಸ್ಪ್ರೇ ಹೊಡೀಬೇಡಿ

ಶಿರಸಿ ಕಡೆ ತೋಟದವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಇದೆ, ಪಂಪ್ ಸ್ಟಾರ್ಟರ್ (ಮೋಟರ್ ಶುರು ಮಾಡೋ ಸ್ವಿಚ್ ಬಾಕ್ಸ್) ಒಳಗೆ ಇರುವೆ ಹೊಕ್ಕಿದ್ರೆ ಕರೆಂಟ್ ಇದ್ದಾಗ್ಲೇ ಸ್ಪ್ರೇ ಹೊಡೀರಿ, ಎಲ್ಲಾ ಸತ್ತು ಪಂಪ್ ಶುರುವಾಗತ್ತೆ ಅಂತ. ದಯವಿಟ್ಟು ನಂಬಬೇಡಿ, ಇದು ತಪ್ಪು, ಜೀವಕ್ಕೇ ಅಪಾಯ. ಸ್ಪ್ರೇ ಡಬ್ಬಿಯ ಗ್ಯಾಸ್‌ಗೆ ಬೆಂಕಿ ಹತ್ತತ್ತೆ, ಬಾಕ್ಸ್ ಒಳಗಿನ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೂಡಿಸೋ ಸ್ವಿಚ್) ಎಳೆಯುವಾಗ ಕಿಡಿ ಹಾರೋದು ಮಾಮೂಲು, ಎರಡೂ ಒಂದೇ ಬಾಕ್ಸ್ ಒಳಗೆ ಸೇರಿದ್ರೆ ಏನಾಗತ್ತೆ ನೀವೇ ಯೋಚಿಸಿ. ಮೇಲಾಗಿ ಇರುವೆ ಸತ್ರೂ ಪಂಪ್ ಸರಿ ಆಗಲ್ಲ, ಸತ್ತಿದ್ದು ಅಲ್ಲೇ ಉಳಿಯತ್ತೆ, ಕಾಂಟ್ಯಾಕ್ಟ್ ಪಾಯಿಂಟ್‌ಗಳ ಸಂದಿಯಲ್ಲಿ ಜಜ್ಜಿ ಕಪ್ಪಗೆ ಅಂಟ್ಕೊಂಡು ಪಾಯಿಂಟ್ ಪೂರ್ತಿ ಕೂಡೋಕೇ ಬಿಡಲ್ಲ, ಆಗ ಮೂರು ಫೇಸ್ (ಕರೆಂಟ್ ಲೈನ್) ಪೈಕಿ ಒಂದು ತಪ್ಪಿ ಮೋಟರ್ ಗುಂಯ್ ಅಂತ ನಿಂತು ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಟ್ಟುಹೋಗಬಹುದು. ಕೆಲವು ಜಾತಿ ಇರುವೆ ಶಾಕ್ ಹೊಡೆದಾಗ ಬಿಡೋ ವಾಸನೆಗೆ ಇನ್ನಷ್ಟು ಬರ್ತವೆ ಬೇರೆ.

ಹಲ್ಲಿಗೆ ಶಾಕ್ ಹೊಡಿಯಲ್ಲ ಅಂತಾನೂ ಅದೇ ಮೆಸೇಜಲ್ಲಿದೆ. ಸುಳ್ಳು. 415 ವೋಲ್ಟ್‌ನ ಎರಡು ಫೇಸ್ ಟರ್ಮಿನಲ್ ಒಟ್ಟಿಗೆ ಮುಟ್ಟಿದ್ರೆ ಹಲ್ಲಿನೂ ಸುಡತ್ತೆ, ಫ್ಯೂಸೂ ಹೋಗಬಹುದು.

ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತಿಟ್ಟು, ಎಲೆಕ್ಟ್ರಿಷಿಯನ್ ಹತ್ರ ಪಾಯಿಂಟ್ ಕ್ಲೀನ್ ಮಾಡಿಸಿ. ನಮ್ಮ ಮಳೆಗೆ ಇರುವೆ ಒಣ ಜಾಗ ಹುಡುಕ್ಕೊಂಡು ಬಂದೇ ಬರ್ತವೆ, ಅದಕ್ಕೆ ಕೇಬಲ್ ಹೋಗೋ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಸಂದಿ ಮುಚ್ಚೋ ಬಿಗಿ ಬಿರಡೆ) ಹಾಕ್ಸಿ, ಬಾಗಿಲಿನ ರಬ್ಬರ್ ಬಿರುಕು ಬಿಟ್ಟಿದ್ರೆ ಬದಲಾಯಿಸಿ, ಜೂನ್ ಮಳೆ ಹಿಡಿಯೋಕೆ ಮುಂಚೆನೇ.