ಹತ್ತು ಪ್ಲೈ ಟೈರೂ ಒಬ್ಬಟ್ಟಿನ ಸಾರೂ

ಟೆಕ್ಸಾಸಿಗೆ ಬಂದು ಹನ್ನೊಂದು ವರ್ಷಕ್ಕೆ ನಾನೂ ಒಂದು ಪಿಕಪ್ ಟ್ರಕ್ ಕೊಂಡೆ. ಸೆಕೆಂಡ್‌ಹ್ಯಾಂಡ್ ಫೋರ್ಡ್ ಎಫ್-150. ಯಾಕೆ ಅಂತ ನೀವು ಕೇಳಬೇಡಿ, ಮನೆಯಾಕೆ ಕೇಳಿ ಕೇಳಿ ಸುಸ್ತಾಗಿದ್ದಾಳೆ. ನಮ್ಮ ಬೀದಿಯಲ್ಲಿ ಎಂಟು ಮನೆ, ಒಂಬತ್ತು ಪಿಕಪ್ಪು. ನನ್ನದೂ ಸೇರಿ ಹತ್ತಾಯಿತು.

ಗಾಡಿಯ ಜೊತೆ ಬಂದ ಟೈರುಗಳು ಸವೆದು ಉಜ್ಜಿದ ಬಾಣಲೆಯ ತಳದ ಹಾಗಿದ್ದವು. ಟೈರ್ ಅಂಗಡಿಗೆ ಹೋದರೆ ಕೌಂಟರಿನ ಹುಡುಗ ತಲೆಯೆತ್ತದೆ ಕೇಳಿದ: "ಪಿ ಬೇಕಾ, ಎಲ್‌ಟಿ ಬೇಕಾ?"

ಪಿ ಅಂದರೆ ಪ್ಯಾಸೆಂಜರ್, ಕಾರಿನ ಪೈಕಿ. ಎಲ್‌ಟಿ ಅಂದರೆ ಲೈಟ್ ಟ್ರಕ್, ಮೈಮುರಿದು ದುಡಿಯುವ ಪೈಕಿ. ಅದರಲ್ಲೂ ಹೊರುವ ಭಾರಕ್ಕೆ ತಕ್ಕಂತೆ ಸಿ, ಡಿ, ಇ ಅಂತ ಮೆಟ್ಟಿಲುಗಳು. ಇ ಅಂದರೆ ಹತ್ತು ಪ್ಲೈ, ಅಂದರೆ ಹತ್ತು ಪದರ. ಹಾಗಂತ ಒಳಗೆ ನಿಜಕ್ಕೂ ಹತ್ತು ಇರುವುದಿಲ್ಲ. ಹತ್ತಿ ನೂಲಿನ ಟೈರುಗಳ ಕಾಲದ ಲೆಕ್ಕ ಅದು, ಈಗ ಬರೀ ಹೆಸರಿಗೆ ಉಳಿದಿದೆ. 80 ಪೌಂಡ್ ಗಾಳಿ ಕುಡಿದು ನಿಲ್ಲುವ ಆಸಾಮಿ.

ಹುಡುಗ ಒಳ್ಳೆಯವನು. ಟ್ರೇಲರ್ ಎಳೀತೀರಾ, ಭಾರ ಹೇರ್ತೀರಾ, ಮಣ್ಣುರಸ್ತೆಗೆ ಇಳೀತೀರಾ ಎಂದು ಒಂದೊಂದಾಗಿ ಕೇಳಿದ. ಸಂತರ್ಪಣೆಯ ಪಂಕ್ತಿಯಲ್ಲಿ ಕೂತವನ ಹಾಗೆ ನಾನು ಎಲ್ಲಕ್ಕೂ "ಸ್ವಲ್ಪ ಸ್ವಲ್ಪ" ಅಂದೆ. ಆತ ನನ್ನ ಇಸ್ತ್ರಿ ಮಾಡಿದ ಪ್ಯಾಂಟನ್ನೂ ಕೊರಳಲ್ಲಿದ್ದ ಆಫೀಸಿನ ಬ್ಯಾಡ್ಜನ್ನೂ ನೋಡಿ, "ಹಾಗಾದ್ರೆ ಪಿ ಸಾಕು" ಅಂದ.

ಸಾಕು ಅಂದದ್ದೇ ತಪ್ಪಾಯಿತು. ನನಗೆ ನೆನಪಾದದ್ದು ಪಕ್ಕದ ಮನೆಯ ಮುದುಕ. ಅವನ ಗಾಡಿಗೆ ಹತ್ತು ಪ್ಲೈ. ಅವನಿಗೆ ಊರಾಚೆ ಜಮೀನಿದೆ, ಹುಲ್ಲಿನ ಪಿಂಡಿ ಹೇರುತ್ತಾನೆ, ಕುದುರೆಯ ಟ್ರೇಲರ್ ಎಳೆಯುತ್ತಾನೆ. ಅಲ್ಲಿನ ದಾರಿಯ ತುಂಬ ಮೆಸ್ಕೀಟ್ ಮುಳ್ಳು. ನಮ್ಮ ಬಳ್ಳಾರಿ ಜಾಲಿಯ ಸಾಕ್ಷಾತ್ ದಾಯಾದಿ. ಆ ಮುಳ್ಳಿನ ಗುಣ ಗೊತ್ತಿದ್ದವರು ಯಾರೂ ಅವನ ಟೈರನ್ನು ಆಡಿಕೊಳ್ಳಲಾರರು. ನಾನು ಮಾತ್ರ ಅವನ ಜಮೀನು, ಕುದುರೆ, ಮುಳ್ಳು ಎಲ್ಲವನ್ನೂ ಬಿಟ್ಟು ಟೈರೊಂದನ್ನೇ ತಂದುಕೊಂಡೆ. ಒಂದೊಂದೂ ಹಳೆಯದಕ್ಕಿಂತ ಹತ್ತು ಪೌಂಡಿನ ಮೇಲೆ ಭಾರ. ಬೆಲೆಯನ್ನು ಮನೆಯಲ್ಲಿ ನಾಲ್ಕು ಕಂತಿನಲ್ಲಿ ಹೇಳಿದೆ.

ಅಂಗಡಿಯವರು ತಮ್ಮ ಪಟ್ಟಿ ನೋಡಿ 45 ಪೌಂಡ್ ಗಾಳಿ ತುಂಬಿದ್ದರು. ಮನೆಗೆ ಬಂದು ಬಗ್ಗಿ ನೋಡಿದರೆ ಟೈರಿನ ಮಗ್ಗುಲಲ್ಲಿ 80 ಎಂದು ಅಚ್ಚೊತ್ತಿದೆ! ಅರ್ಧ ಹೊಟ್ಟೆ ತುಂಬಿಸಿ ಕಳಿಸಿದ್ದಾರೆ ಅನ್ನಿಸಿತು. 80 ಅನ್ನುವುದು ಗರಿಷ್ಠ ಮಿತಿ, ತುಂಬಲೇಬೇಕು ಅಂತಲ್ಲ ಎಂಬ ಜ್ಞಾನ ಆಗ ಇರಲಿಲ್ಲ. ಅಂಗೈ ಮೇಲೆ ಕೂರುವಂಥ ಪಂಪ್ ತಂದು ಗ್ಯಾರೇಜಿನಲ್ಲಿ ಕೂತೆ. ಅರವತ್ತು ದಾಟಿದ ಮೇಲೆ ಅದು ಹೆರಿಗೆಯ ಎಮ್ಮೆಯ ಹಾಗೆ ನರಳತೊಡಗಿತು. ಎರಡೂವರೆ ಗಂಟೆ ಹಿಡಿಯಿತು. ಗಾಳಿ ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಹೆಚ್ಚಾದರೆ ಪಾಪ, ಅದಕ್ಕೆ ಬಾಯಿಲ್ಲ.

ಮರುದಿನ ಕನ್ನಡ ಸಂಘದ ಯುಗಾದಿ. ನಮ್ಮ ಪಾಲಿಗೆ ಬಂದದ್ದು ನಲವತ್ತು ಜನಕ್ಕೆ ಒಬ್ಬಟ್ಟಿನ ಸಾರು. ಹತ್ತು ಲೀಟರಿನ ಕುಕ್ಕರಿನಲ್ಲಿ ಸಾರು, ಮುಚ್ಚಳ, ಮುಚ್ಚಳದ ಮೇಲೆ ವೆಯ್ಟು. ಮೈಸೂರು ಸಿಲ್ಕ್ ಉಟ್ಟ ಮನೆಯಾಕೆ ಕುಕ್ಕರನ್ನು ಎರಡೂ ಪಾದಗಳ ನಡುವೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು.

ಫ್ಲೈಓವರ್ ಹತ್ತುವ ತನಕ ಚಂದವೇ. ಹತ್ತಿದ ಮೇಲೆ ಕಾಂಕ್ರೀಟಿನ ಒಂದೊಂದು ಜಾಯಿಂಟಿಗೂ ಖಾಲಿ ಟ್ರಕ್ಕಿನ ಹಿಂಭಾಗ ಮೇಕೆಮರಿಯ ಹಾಗೆ ಚಂಗನೆ ನೆಗೆಯತೊಡಗಿತು. ಧಡ್, ಟಿಣ್. ಧಡ್, ಟಿಣ್. ಧಡ್ ಅನ್ನುವುದು ಟೈರು, ಟಿಣ್ ಅನ್ನುವುದು ಕುಕ್ಕರಿನ ವೆಯ್ಟು. "ಎಷ್ಟು ಕೂಗಾಯ್ತು?" ಎಂದು ತಮಾಷೆ ಮಾಡಿದೆ. ಆ ಹೊತ್ತಿನಲ್ಲಿ ಮಾಡಬಾರದಿತ್ತು. ರೈಲುಹಳಿ ದಾಟುವಾಗ ವೆಯ್ಟು ಹಾರಿ ಸೀಟಿನಡಿ ಸೇರಿತು, ಆ ತೂತಿನಿಂದ ಸಾರು ಪಿಚಕಾರಿಯ ಹಾಗೆ ಚಿಮ್ಮಿತು. ಸಿಲ್ಕಿನ ಜರಿಯಂಚಿನ ಮೇಲೆ ಒಂದು ಕರಿಬೇವಿನ ಎಲೆ ಅಂಟಿ ಕೂತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಂದೆ ಹಿಡಿದು, "ರೀ," ಅಂದಳು. ಅಷ್ಟೇ ಅಂದಳು.

ರಾತ್ರಿ ತಿಪಟೂರಿಗೆ ವಿಡಿಯೋ ಕಾಲ್ ಹೋಯಿತು. ನಮ್ಮ ಮಾವ ಇಪ್ಪತ್ತು ವರ್ಷ ಕೊಬ್ಬರಿ ಲೋಡಿನ ಲಾರಿ ಓಡಿಸಿದವರು.

"ಅಳಿಯಂದ್ರೇ, ದಿನಾ ಎಷ್ಟು ಲೋಡ್ ಹೊಡೀತೀರಾ?"

"ದಿನಾ ಇಲ್ಲ ಮಾವ. ತಿಂಗಳಿಗೊಮ್ಮೆ ಇಪ್ಪತ್ತು ಪೌಂಡಿನ ಎರಡು ಚೀಲ ಸೋನಾ ಮಸೂರಿ."

ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು. "ಅದನ್ನ ಸೈಕಲ್ ಕ್ಯಾರಿಯರ್ ಮೇಲೆ ತರಬೋದಲ್ವಾ?"

ಆಮೇಲೆ ಪಾಠ ಶುರುವಾಯಿತು. ಗಾಳಿ ಹಾಕೋದು ಟೈರಿಗಲ್ಲ, ಲೋಡಿಗೆ. ಖಾಲಿ ಗಾಡಿಗೆ ಕಲ್ಲಿನ ಹಾಗೆ ಗಾಳಿ ತುಂಬಿದರೆ ಕುಣಿಯದೆ ಇನ್ನೇನು ಮಾಡುತ್ತೆ? ಟೈರಿನ ನಡುಭಾಗವೊಂದೇ ನೆಲ ಮುಟ್ಟಿ ಸವೆಯುತ್ತೆ. ಹಾಗಂತ ಗಾಬರಿಯಾಗಿ ಪೂರ್ತಿ ಇಳಿಸಬೇಡಿ, ದಪ್ಪ ಟೈರು ಗಾಳಿ ಕಡಿಮೆಯಾದರೆ ಹೊರೋದೂ ಕಡಿಮೆ.

ಇದನ್ನೇ ಅಂಗಡಿಯ ಹುಡುಗ ಬಿಲ್ಲಿನ ಹಿಂದೆ ಬರೆದುಕೊಟ್ಟಿದ್ದ. ಬಾಗಿಲ ಚೌಕಟ್ಟಿನ ಸ್ಟಿಕ್ಕರಿನ 35 ಪೌಂಡ್ ಹಳೇ ಪಿ ಟೈರಿನ ಲೆಕ್ಕ, ಎಲ್‌ಟಿ ಅಷ್ಟೇ ಭಾರ ಹೊರಬೇಕಾದರೆ ಇನ್ನಷ್ಟು ಗಾಳಿ ಬೇಕು, ಅದಕ್ಕೇ 45 ಅಂತ. ಬಿಲ್ಲಿನ ಮೊತ್ತ ನೋಡಿದವನು ಹಿಂದುಗಡೆ ತಿರುಗಿಸಿ ನೋಡುತ್ತಾನೆಯೇ?

ನಿದ್ದೆ ಬಾರದೆ ಲೆಕ್ಕ ಹಾಕಿದೆ. ನನ್ನ ಹಳೇ ಪಿ ಟೈರಿನ ಮೇಲೆ ಹೊರುವ ಭಾರದ ಸಂಕೇತ 116 ಅಂತಿತ್ತು, ಅಂದರೆ ಒಂದು ಟೈರಿಗೆ 1250 ಕೆಜಿ. ಪಿಕಪ್ಪಿಗೆ ಹಾಕಿದಾಗ ಅದನ್ನು 1.10ರಿಂದ ಭಾಗಿಸಬೇಕು, 1136 ಆಗುತ್ತದೆ. ನಾಲ್ಕು ಸೇರಿ ನಾಲ್ಕೂವರೆ ಟನ್. ನನ್ನ ಟ್ರಕ್ಕು, ಅದರೊಳಗಿನ ಜನ, ಹಿಂದಿನ ಸಾಮಾನು ಎಲ್ಲ ಸೇರಿ ಮೀರಬಾರದು ಎಂದು ಸ್ಟಿಕ್ಕರ್ ಹೇಳುವ ತೂಕ ಸುಮಾರು 3200 ಕೆಜಿ. ಪಿ ಟೈರಿನಲ್ಲೇ ನಮ್ಮ ಸಂಘದ ಕಾರ್ಯಕಾರಿ ಸಮಿತಿಯನ್ನು ಕೂರಿಸಿಕೊಂಡು ಹೋಗಬಹುದಿತ್ತು.

ಈಗ 45ಕ್ಕೆ ಇಳಿಸಿದ್ದೇನೆ. ಕುಣಿತ ನಿಂತಿದೆ, ಗೊಣಗಾಟ ಉಳಿದಿದೆ. ಟೈರಿನದು. ಗ್ಯಾಲನ್ನಿಗೆ 19 ಮೈಲಿ ಕೊಡುತ್ತಿದ್ದ ಗಾಡಿ 17ಕ್ಕೆ ಬಂದಿದೆ. ರಬ್ಬರ್ ಮಾತ್ರ ಸವೆಯುವ ಲಕ್ಷಣವಿಲ್ಲ. ಮೊನ್ನೆ ಪಕ್ಕದ ಮನೆಯ ಮುದುಕ ಬಂದು ಟೈರು ತಟ್ಟಿ ನೋಡಿ, "ಭೇಷ್! ಏನು ಹೇರ್ತೀಯಾ?" ಎಂದು ಕೇಳಿದ. ಅಕ್ಕಿ ಅಂದೆ. ಎಷ್ಟು ಎಕರೆ ಬೆಳೀತೀಯಾ ಅಂತ ಕೇಳಿದ.

ಸಂಘದಲ್ಲಿ ಮತ್ತೆ ಊಟ ಬಂತು. ಸಾರು ಮನೆಯಾಕೆಯ ಕಾರಿನಲ್ಲಿ ಮುಂದೆ ಹೋಯಿತು. ಬಾಳೆಲೆ ಕಟ್ಟು ಮತ್ತು ಖಾಲಿ ಕೊಳಗ ಹೇರಿಕೊಂಡು ಹತ್ತು ಪ್ಲೈ ಟೈರಿನ ಮೇಲೆ ನಾನು ಹಿಂದೆ ಹೋದೆ.