ಸೇವಾಕ್ಲಬ್ಬಿನ ನಿಷ್ಠಾವಂತ ಸದಸ್ಯನ ಲಕ್ಷಣಗಳು

ಪ್ರತಿವರ್ಷ ಜುಲೈ 1ರಂದು ರೋಟರಿ ಮತ್ತು ಲಯನ್ಸ್ ಕ್ಲಬ್ಬುಗಳಿಗೆ ಹೊಸ ವರ್ಷ ಹುಟ್ಟುತ್ತದೆ. ಯುಗಾದಿಗೆ ಬೇವು-ಬೆಲ್ಲ ಸಾಕಾದರೆ, ಈ ಹೊಸ ವರ್ಷಕ್ಕೆ ಕಲ್ಯಾಣಮಂಟಪ, ಫ್ಲೆಕ್ಸು, ಮೈಸೂರು ಪೇಟ, ಏಲಕ್ಕಿ ಹಾರ ಎಲ್ಲವೂ ಬೇಕು. ಪದಗ್ರಹಣವೆಂಬ ಈ ಸಮಾರಂಭದಲ್ಲಿ ನಿರ್ಗಮಿತ ಅಧ್ಯಕ್ಷರು ತಮ್ಮ ಕೊರಳಿನ ಕಾಲರನ್ನು, ಅಂದರೆ ಅಧ್ಯಕ್ಷ ಪದವಿಯ ಪದಕಮಾಲೆಯನ್ನು, ತೆಗೆದು ನೂತನ ಅಧ್ಯಕ್ಷರಿಗೆ ತೊಡಿಸುತ್ತಾರೆ. ಆಗ ಅವರ ಮುಖದಲ್ಲಿ ಸುಳಿಯುವ ವೇದನೆಯನ್ನು, ವರ್ಷವಿಡೀ ಅವರು ಭೇಟಿ ಕೊಟ್ಟ ಯಾವ ವೃದ್ಧಾಶ್ರಮದಲ್ಲಿಯೂ ಯಾರೂ ಕಂಡಿರುವುದಿಲ್ಲ. ಇಂಥ ಸಭೆಗಳ ಹಿಂದಿನ ಸಾಲಿನಲ್ಲಿ ಕುಳಿತು ಕಲಿತದ್ದನ್ನು, ಮುಂದೆ ಸದಸ್ಯರಾಗಬಯಸುವವರ ಹಿತದೃಷ್ಟಿಯಿಂದ ಇಲ್ಲಿ ನಿರೂಪಿಸಿದ್ದೇನೆ.

ನಿಷ್ಠಾವಂತ ಸದಸ್ಯನಿಗೆ ಮೊದಲು ಬೇಕಾದದ್ದು ಕರುಣೆಯಲ್ಲ, ಜ್ಞಾಪಕಶಕ್ತಿ. ವೇದಿಕೆಯ ಮೇಲಿರುವವರಲ್ಲಿ ಯಾರು ಹಾಲಿ, ಯಾರು ಮಾಜಿ, ಯಾರು ನಿಕಟಪೂರ್ವ, ಯಾರು ಮುಂದಿನ ಸಾಲಿಗೆ ನಿಯೋಜಿತರು ಎಂಬುದನ್ನು ಪದವಿಯ ಏರುಕ್ರಮದಲ್ಲಿ ಒಪ್ಪಿಸಲು ಬಾರದವನು ಸ್ವಾಗತ ಭಾಷಣಕ್ಕೆ ಅನರ್ಹ. ಒಬ್ಬ ಮಾಜಿ ವಲಯಾಧ್ಯಕ್ಷರ ಹೆಸರು ಬಿಟ್ಟುಹೋದರೆ ಕ್ಲಬ್ಬು ಎರಡಾಗಿ ಒಡೆಯುತ್ತದೆ, ಮರುವರ್ಷ ಅದೇ ಊರಿನಲ್ಲಿ ಊರಿನ ಹೆಸರಿನ ಮುಂದೆ ‘ಸೆಂಟ್ರಲ್’ ಎಂದು ಸೇರಿಸಿಕೊಂಡ ಇನ್ನೊಂದು ಕ್ಲಬ್ಬು ತಲೆಯೆತ್ತುತ್ತದೆ. ಸೇವಾಕ್ಷೇತ್ರ ವಿಸ್ತಾರಗೊಳ್ಳುವುದು ಬಹುಮಟ್ಟಿಗೆ ಹೀಗೆಯೇ.

ಎರಡನೆಯದಾಗಿ ಕೈ ಉದ್ದವಿರಬೇಕು. ಇದರ ಅಗತ್ಯ ತಿಳಿಯಬೇಕಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಹಣ್ಣು-ಬ್ರೆಡ್ಡು ವಿತರಣೆಯನ್ನು ನೋಡಬೇಕು. ಹಾಸಿಗೆಯ ಮೇಲೆ ಒಬ್ಬ ರೋಗಿ, ಅವನ ಮುಂದೆ ಒಂದು ಬಾಳೆಹಣ್ಣು, ಆ ಹಣ್ಣಿಗೆ ಒಂಬತ್ತು ಕೈಗಳು. ಅಧ್ಯಕ್ಷರು ತೊಟ್ಟಿನ ಕಡೆ, ಕಾರ್ಯದರ್ಶಿ ತುದಿಯ ಕಡೆ, ಖಜಾಂಚಿ ನಡುವೆ ಹಿಡಿದಿರುತ್ತಾರೆ. ಉಳಿದವರು ಹಿಡಿದವರ ಮೊಣಕೈಯನ್ನು ಮುಟ್ಟಿ ದಾನದಲ್ಲಿ ಭಾಗಿಗಳಾಗುತ್ತಾರೆ. ರೋಗಿ ಪಾಪ, ಹಸಿವಿಗೆ ಹಣ್ಣನ್ನು ತಟ್ಟನೆ ಎಳೆದುಕೊಂಡರೆ ಛಾಯಾಗ್ರಾಹಕ ಅವನನ್ನು ಗದರಿಸಿ, ಹಣ್ಣನ್ನು ಮರಳಿ ಕೊಡಿಸಿ, ‘ಈ ಕಡೆ ನೋಡ್ರೀ ಅಜ್ಜಾ, ಸ್ವಲ್ಪ ನಗ್ರೀ’ ಎಂದು ಹೇಳಿ ಮತ್ತೊಮ್ಮೆ ದಾನ ಮಾಡಿಸುತ್ತಾನೆ. ಸಕ್ಕರೆ ಕಾಯಿಲೆಯ ವಾರ್ಡಿನಲ್ಲಿಯೂ ಈ ವಿತರಣೆ ಇಷ್ಟೇ ಶ್ರದ್ಧೆಯಿಂದ ನಡೆಯುತ್ತದೆ. ಮರುದಿನದ ಪತ್ರಿಕೆಯಲ್ಲಿ ಹದಿನಾಲ್ಕು ಹೆಸರುಗಳು ಅಚ್ಚಾಗುತ್ತವೆ. ಹದಿನೈದನೆಯದು ರೋಗಿಯದು, ಅದನ್ನು ಯಾರೂ ಕೇಳಿರುವುದಿಲ್ಲ.

ಜುಲೈ ಮೊದಲ ವಾರ ವನಮಹೋತ್ಸವವೂ ಬರುವುದು ಕ್ಲಬ್ಬುಗಳ ಪುಣ್ಯ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರು ಇದನ್ನು ಆರಂಭಿಸಿದಾಗ ಗಿಡಗಳು ಬೆಳೆದು ಮರಗಳಾಗಲೆಂಬ ಆಸೆ ಅವರಿಗಿದ್ದಿರಬೇಕು. ಆದರೆ ಗಿಡ ಮರವಾದರೆ ಮುಂದಿನ ಅಧ್ಯಕ್ಷರು ನೆಡುವುದೆಲ್ಲಿ ಎಂಬ ಪ್ರಶ್ನೆಯನ್ನು ಅವರು ಯೋಚಿಸಿದಂತಿಲ್ಲ. ಸರ್ಕಾರಿ ಶಾಲೆಯ ಆವರಣದಲ್ಲಿ ಫೋಟೋಕ್ಕೆ ಅನುಕೂಲವಾದ ಬೆಳಕು ಬೀಳುವ ಗುಂಡಿ ಇರುವುದು ಒಂದೇ. ಆದ್ದರಿಂದ ಬೇಸಿಗೆಯಲ್ಲಿ ನೀರು ಹಾಕದೆ ಗುಂಡಿಯನ್ನು ತೆರವುಗೊಳಿಸಿಕೊಡುವುದನ್ನು ಕೂಡ ನಾವು ಉತ್ತರಾಧಿಕಾರಿಯ ಮೇಲಿನ ಸೌಜನ್ಯವೆಂದೇ ತಿಳಿಯಬೇಕು.

ಇಷ್ಟೆಲ್ಲ ಆದ ಮೇಲೆ ಮಾಸಿಕ ವರದಿ. ರೋಟರಿಯ ಸಭೆಗಳಲ್ಲಿ, ನಮ್ಮ ನಡೆನುಡಿಯನ್ನು ಒರೆಗೆ ಹಚ್ಚುವ ನಾಲ್ಕು ಪ್ರಶ್ನೆಗಳ ‘ಚತುರ್ವಿಧ ಪರೀಕ್ಷೆ’ ಎಂಬುದನ್ನು ಎದ್ದು ನಿಂತು ಪಠಿಸುವ ಪದ್ಧತಿಯಿದೆ. 1932ರಲ್ಲಿ ಹರ್ಬರ್ಟ್ ಟೇಲರ್ ಎಂಬ ಅಮೆರಿಕದ ವ್ಯಾಪಾರಿ, ದಿವಾಳಿಯ ಅಂಚಿಗೆ ಬಂದಿದ್ದ ಒಂದು ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯನ್ನು ಉಳಿಸಲೆಂದು ಇದನ್ನು ಬರೆದ. ಇದರ ಮೊದಲ ಪ್ರಶ್ನೆ ‘ಇದು ಸತ್ಯವೇ?’ ಎಂಬುದು. ಇದನ್ನು ಗಟ್ಟಿ ಧ್ವನಿಯಲ್ಲಿ ಪಠಿಸಿ ಕುಳಿತ ಕಾರ್ಯದರ್ಶಿಗಳು ‘ನೆಟ್ಟ ಸಸಿಗಳು: ಐನೂರು, ಫಲಾನುಭವಿಗಳು: ಎರಡು ಸಾವಿರ’ ಎಂದು ಓದುವಾಗ ಅವರ ನಾಲಿಗೆ ಎಳ್ಳಷ್ಟೂ ತೊದಲುವುದಿಲ್ಲ. ಒಂದು ಗಿಡಕ್ಕೆ ನಾಲ್ವರು ನೆರಳಿಗೆ ನಿಂತರೆ ಲೆಕ್ಕ ಸರಿಯಾಯಿತಲ್ಲ!

ನ್ಯಾಯವಾಗಿ ಹೇಳಬೇಕಾದರೆ ಈ ಸಂಸ್ಥೆಗಳ ಕಡತದಲ್ಲಿ ನಿಜವಾದ ಕೆಲಸವೂ ಇದೆ. 1985ರಲ್ಲಿ ರೋಟರಿ ಪೋಲಿಯೊ ವಿರುದ್ಧ ಕಟ್ಟಿದ ಟೊಂಕವನ್ನು ಬಿಚ್ಚಲಿಲ್ಲ. ಸರ್ಕಾರ, ಆರೋಗ್ಯ ಕಾರ್ಯಕರ್ತೆಯರು ಮತ್ತು ಇಂಥ ಸ್ವಯಂಸೇವಕರ ದುಡಿಮೆ ಕೂಡಿಕೊಂಡದ್ದರಿಂದಲೇ 2011ರ ಜನವರಿಯ ನಂತರ ಭಾರತದಲ್ಲಿ ಕಾಡು ಪೋಲಿಯೊದ, ಅಂದರೆ ನಿಸರ್ಗದಲ್ಲಿ ತಾನಾಗಿ ಹರಡುವ ಪೋಲಿಯೊ ವೈರಸ್ಸಿನ, ಹೊಸ ಪ್ರಕರಣ ಕಾಣಲಿಲ್ಲ, 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತವೆಂಬ ಪ್ರಮಾಣಪತ್ರವೂ ಬಂತು. ಭಾನುವಾರ ಬೆಳಿಗ್ಗೆ ಐಸ್‌ಪೆಟ್ಟಿಗೆ ಹಿಡಿದು ಬೂತಿನಲ್ಲಿ ಕುಳಿತ ಸದಸ್ಯರು ನಮ್ಮೂರಿನಲ್ಲಿಯೂ ಇದ್ದರು. ಅವರಲ್ಲಿ ಅಧ್ಯಕ್ಷರಾದವರು ಕಡಿಮೆ, ಏಕೆಂದರೆ ಅಧ್ಯಕ್ಷರ ಆಯ್ಕೆ ನಡೆದ ರಾತ್ರಿಯ ಔತಣಕ್ಕೆ, ಅಂದರೆ ಫೆಲೋಶಿಪ್ಪಿಗೆ, ಅವರು ಬಂದಿರಲಿಲ್ಲ.

ಇನ್ನೊಂದು ಸಂಗತಿಯನ್ನು ಹೊಸ ಸದಸ್ಯರಿಗೆ ಯಾರೂ ಹೇಳುವುದಿಲ್ಲ. 1905ರಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಆತನ ಮೂವರು ಗೆಳೆಯರು ಷಿಕಾಗೊದಲ್ಲಿ ಆರಂಭಿಸಿದ ಆ ಮೊಟ್ಟಮೊದಲ ರೋಟರಿ ಕ್ಲಬ್ಬು ಆರಂಭದ ವರ್ಷಗಳಲ್ಲಿ ಕೈಗೆತ್ತಿಕೊಂಡ ಸಾರ್ವಜನಿಕ ಕೆಲಸವೆಂದರೆ ನಗರಕ್ಕೊಂದು ಸಾರ್ವಜನಿಕ ಶೌಚಾಲಯ ತರಿಸುವುದು. ಈ ಇತಿಹಾಸವನ್ನು ಓದಿಕೊಂಡ ಉತ್ಸಾಹಿ ತರುಣನೊಬ್ಬ ಕ್ಲಬ್ಬಿನ ಸಭೆಯಲ್ಲಿ, ನಮ್ಮ ಬಸ್‌ನಿಲ್ದಾಣದ ಶೌಚಾಲಯಕ್ಕೆ ನೀರಿಲ್ಲ, ಹೆಂಗಸರು ಅಲ್ಲಿ ಕಾಲಿಡುವಂತಿಲ್ಲ, ಅದನ್ನು ಒಂದು ವರ್ಷ ನಾವೇ ನೋಡಿಕೊಳ್ಳೋಣ ಎಂದು ಪ್ರಸ್ತಾಪಿಸಿದನೆಂದು ಊಹಿಸಿಕೊಳ್ಳಿ. ಸಭೆ ಒಂದು ಕ್ಷಣ ಗಂಭೀರವಾಗುತ್ತದೆ. ಶೌಚಾಲಯದ ಮುಂದೆ ಹದಿನಾಲ್ಕು ಜನ ನಿಂತು ಫೋಟೋ ತೆಗೆಸಿಕೊಂಡರೆ ಅದನ್ನು ಯಾವ ಪತ್ರಿಕೆ ಹಾಕುತ್ತದೆ ಎಂದು ಹಿರಿಯರೊಬ್ಬರು ಕೇಳುತ್ತಾರೆ. ಟೇಪು ಕತ್ತರಿಸುವುದು ಒಳಗೋ ಹೊರಗೋ ಎಂಬ ಬಗ್ಗೆ ಚರ್ಚೆಯಾಗುತ್ತದೆ. ಕೊನೆಗೆ, ‘ಶೌಚಾಲಯಕ್ಕೆ ದಾರಿ’ ಎಂಬ ಬಾಣದ ಗುರುತಿನ ಫಲಕವೊಂದನ್ನು ಕ್ಲಬ್ಬಿನ ಲಾಂಛನ ಹಾಗೂ ಪದಾಧಿಕಾರಿಗಳ ಹೆಸರುಗಳೊಂದಿಗೆ ನಿಲ್ದಾಣದ ಮುಖ್ಯದ್ವಾರದಲ್ಲಿ ಹಾಕಿಸುವುದೆಂದು ಸರ್ವಾನುಮತದಿಂದ ಠರಾವಾಗುತ್ತದೆ. ಅನಾವರಣವನ್ನು, ಕ್ಲಬ್ಬುಗಳ ಮೇಲಿನ ಪದಾಧಿಕಾರಿಯಾದ ಜಿಲ್ಲಾ ಗವರ್ನರರ ಅಧಿಕೃತ ಭೇಟಿಯ ದಿನವೇ ಇಟ್ಟುಕೊಳ್ಳಲಾಗುತ್ತದೆ, ಬಾಳೆಹಣ್ಣು ಹೇಗೂ ತಂದಿರುತ್ತಾರೆ.