‘ಪುಕ್ಕಟೆ’ ಎಂಬ ಮಾತು ಒಪ್ಪಿಗೆಯಾಗಲಿಲ್ಲ

ನಿಮ್ಮ ಲೇಖನದಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆಯಿಂದ ಅಮೆರಿಕದ ಬಡವರಿಗೆ 160 ಎಕರೆ ಪುಕ್ಕಟೆಯಾಗಿ ಸಿಕ್ಕಿತು ಎಂದು ಬರೆದಿದ್ದೀರಿ. ಆದರೆ ಐದು ವರ್ಷ ಅಲ್ಲೇ ನೆಲೆಸಿ, ಉತ್ತು ಬಿತ್ತಿದ ಮೇಲಷ್ಟೇ ಹಕ್ಕುಪತ್ರ ಕೈಸೇರುತ್ತಿತ್ತು. ಅಂಥ ಜಮೀನಿದ್ದ ನೆಬ್ರಾಸ್ಕಾ ರಾಜ್ಯದ ಬಯಲಿನಲ್ಲಿ ಮರವೇ ಅಪರೂಪ. ಅಲ್ಲಿ ನೆಲೆಸಿದವರು ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕತ್ತರಿಸಿ ಮನೆಯ ಗೋಡೆ ಎಬ್ಬಿಸಿದರು. ಹೊರಗೆ ಮಳೆ ನಿಂತರೂ ಒಳಗೆ ಸೂರಿನಿಂದ ಕೆಸರುನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಒಲೆಗೆ ಬೈಸನ್‌ ಎಂಬ ಕಾಡು ದನಗಳ ಒಣ ಸಗಣಿ. ಓದುವಾಗ ನಮ್ಮ ಹಿತ್ತಿಲಿನ ಬೆರಣಿ ನೆನಪಾಯಿತು. 1874ರಲ್ಲಿ ಎರಗಿದ ಮಿಡತೆಗಳ ದಂಡು ಪೈರನ್ನು ಮುಗಿಸಿ, ಬೆವರು ಹೀರಿದ ಗುದ್ದಲಿಯ ಹಿಡಿಯನ್ನೂ ಕೆರೆದು ತಿಂದಿತಂತೆ. ಇನ್ನೊಂದು ಮಾತು. ಆ ನೆಲ ಪಾನೀ, ಲಕೋಟಾ ಮೊದಲಾದ ಮೂಲನಿವಾಸಿಗಳದು. ಅವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದ್ದು ನೋವಾಯಿತು. ದಯವಿಟ್ಟು ಅದನ್ನೂ ಬರೆಯಿರಿ.